ಹಾಪ್ಸಾಲುವಿನಲ್ಲಿ ಹಳ್ಳಿಯ ಕೀರ್ತನೆಗಳು, ಜಾಜ್ ನುಡಿಸಾಣಿಕೆಯಲ್ಲಿ

ಎಸ್ಟೋನಿಯಾದ ರಾಜಧಾನಿ ತಾಲಿನ್‌ನಿಂದ ಹಾಪ್ಸಾಲುವಿಗೆ ಸುಮಾರು ನೂರು ಕಿಲೋಮೀಟರ್. ರಷ್ಯಾದ ಸಿರಿವಂತರು ಕೆಸರು ಚಿಕಿತ್ಸೆಗೆಂದು ಬರುತ್ತಿದ್ದ ಕಡಲತಡಿಯ ಊರು ಇದು. ಅವರಿಗಾಗಿ ಕಟ್ಟಿದ 216 ಮೀಟರ್ ಉದ್ದದ ಮಾಡಿನ ಪ್ಲಾಟ್‌ಫಾರಂ ಇನ್ನೂ ಇದೆ. 1995ರಿಂದ ಪ್ರಯಾಣಿಕರ ರೈಲು ಇಲ್ಲ, ಬಸ್ಸೇ ಗತಿ. ನಾನು ಹೋದದ್ದು ಸಿರಿಲ್ಲುಸ್ ಕ್ರೇಕ್ ಅವರ ಜಾಡು ಹಿಡಿದು. 1889ರಲ್ಲಿ ಹುಟ್ಟಿ 1962ರಲ್ಲಿ ತೀರಿಕೊಂಡ ಈ ಸಂಗೀತಗಾರ ಬಾಳಿನ ಬಹುಭಾಗವನ್ನು ಇಲ್ಲೇ ಕಳೆದರು. ಅವರು ಹಳ್ಳಿಗಳಿಂದ ಕೂಡಿಹಾಕಿದ ಭಕ್ತಿಗೀತೆಗಳನ್ನು ಜಾಜ್ ವಾದಕರು ನುಡಿಸುತ್ತಾರೆಂದು ತಿಳಿದು ಹೊರಟಿದ್ದೆ.

ಕಾರ್ಯಕ್ರಮಕ್ಕೆ ಮೊದಲು ವೊರ್ಮ್‌ಸಿ ದ್ವೀಪ ನೋಡಬೇಕಿತ್ತು. ರೊಹುಕುಲ ಬಂದರಿನಿಂದ ಫೆರ್ರಿಯಲ್ಲಿ ಮುಕ್ಕಾಲು ಗಂಟೆ. ಹುಲ್ಲೊ ಎಂಬ ಹಳ್ಳಿಯಲ್ಲಿ ಕ್ರೇಕ್ ಅವರ ತಂದೆ ಮೇಷ್ಟ್ರಾಗಿದ್ದರು. ಹುಡುಗ ಬೆಳೆದದ್ದು ಅಲ್ಲೇ. ದ್ವೀಪದಲ್ಲಿ ಆಗ ಸ್ವೀಡಿಷ್ ಮಾತಾಡುವವರೇ ಹೆಚ್ಚು. ಯುದ್ಧದ ಕೊನೆಗಾಲ, 1944ರಲ್ಲಿ, ಅವರಲ್ಲಿ ಬಹುತೇಕ ಎಲ್ಲರೂ ಸಮುದ್ರ ದಾಟಿ ಸ್ವೀಡನ್ ಸೇರಿದರು. ಸಂತ ಓಲಾಫನ ಚರ್ಚಿನ ಪಕ್ಕದ ಸ್ಮಶಾನದಲ್ಲಿ ಚಕ್ರದಾಕಾರದ ಕಲ್ಲಿನ ಶಿಲುಬೆಗಳು ಸಾಲಾಗಿ ನಿಂತಿವೆ. ಊರವರು ಚದುರುವ ಮೊದಲೇ ಕ್ರೇಕ್ ಈ ಭಾಗದ ಸ್ವೀಡಿಷ್ ಹಾಡುಗಳನ್ನೂ ಬರೆದುಕೊಂಡಿದ್ದರು ಎಂಬುದು ಅಲ್ಲಿ ನಿಂತಾಗ ಬಹಳ ದೊಡ್ಡ ಕೆಲಸವಾಗಿ ಕಂಡಿತು.

ಕ್ರೇಕ್ ಕೂಡಿಹಾಕಿದ ಭಕ್ತಿಗೀತೆಗಳ ಮೂಲ ಜರ್ಮನಿಯ ಲೂಥರನ್ (ಪ್ರಾಟೆಸ್ಟೆಂಟ್) ಕೀರ್ತನೆಗಳು. ಪುಸ್ತಕದಲ್ಲಿ ಸಾಹಿತ್ಯವಿತ್ತು, ರಾಗ ಬಾಯಿಂದ ಬಾಯಿಗೆ ಬಂತು. ಆರ್ಗನ್ ಇಲ್ಲದ ಪ್ರಾರ್ಥನಾ ಮನೆಗಳಲ್ಲಿ ರೈತರು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಎಳೆದು, ತಿರುವು ಕೊಟ್ಟು, ಬಳುಕಿಸಿ ಹಾಡಿದರು. ನಮ್ಮ ಕಡೆ ಒಂದೇ ತತ್ವಪದ ಊರೂರಿಗೆ ಧಾಟಿ ಬದಲಿಸುವ ಹಾಗೆ ಅಲ್ಲಿಯೂ ಆಯಿತು. ಹತ್ತೊಂಬತ್ತನೇ ಶತಮಾನದ ಪಾದ್ರಿಗಳಿಗೆ ಅದು ಅಪಸ್ವರ. 1839ರಲ್ಲಿ ಪುನ್ಶೆಲ್ ಎಂಬ ಪಾದ್ರಿಯ ರಾಗಪುಸ್ತಕ ಬಂತು, ಶಾಲೆಗಳಿಗೆ ‘ಸರಿಯಾದ’ ಸ್ವರ ಕಲಿಸಲು ಒಂಟಿ ತಂತಿಯ ವಾದ್ಯ ಬಂತು. ಹಳೆಯ ಗಾಯನ ಮುದುಕ ಮುದುಕಿಯರ ಬಾಯಲ್ಲಷ್ಟೇ ಉಳಿಯಿತು. ಕ್ರೇಕ್ ಹುಡುಕಿಕೊಂಡು ಹೋದದ್ದು ಅವರನ್ನೇ. ಎಸ್ಟೋನಿಯಾದ ಜನಪದ ಸಂಗ್ರಾಹಕರಲ್ಲಿ ಧ್ವನಿ ಮುದ್ರಿಸುವ ಫೋನೋಗ್ರಾಫ್ ಯಂತ್ರ ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರು.

ಸೋವಿಯತ್ ಆಳ್ವಿಕೆಯಲ್ಲಿ ದೇವರ ಹಾಡಿಗೆ ವೇದಿಕೆಯಿರಲಿಲ್ಲ. 1950ರಲ್ಲಿ ತಾಲಿನ್ ಸಂಗೀತ ವಿದ್ಯಾಲಯದಿಂದ ಕ್ರೇಕ್ ಅವರನ್ನು ತೆಗೆದುಹಾಕಲಾಯಿತು. ಅದೇ ಕಾಲಕ್ಕೆ ಜಾಜ್ ಕೂಡ ಅನುಮಾನದ ಕಣ್ಣಿಗೆ ಬಿದ್ದಿತ್ತು. ಆದರೂ ಅದು ಬದುಕಿಕೊಂಡಿತು. 1967ರ ತಾಲಿನ್ ಜಾಜ್ ಉತ್ಸವದಲ್ಲಿ ಅಮೆರಿಕದ ಚಾರ್ಲ್ಸ್ ಲಾಯ್ಡ್ ತಂಡ ನುಡಿಸಿತು, ಪಿಯಾನೋದಲ್ಲಿ ಕೀತ್ ಜಾರೆಟ್.

ಸಂಜೆ ಹಾಪ್ಸಾಲುವಿನ ಬಿಷಪ್ ಕೋಟೆಯ ಚರ್ಚು ತುಂಬಿತ್ತು. 2021ರ ಜನಗಣತಿಯಲ್ಲಿ ತಮಗೊಂದು ಧರ್ಮವಿದೆ ಎಂದವರು ನೂರಕ್ಕೆ 29 ಮಾತ್ರ. ಆ ದೇಶದಲ್ಲಿ ಇಷ್ಟು ಜನ! ಸ್ಯಾಕ್ಸೊಫೋನ್, ಡಬಲ್ ಬಾಸ್, ಮಡಿಲ ಮೇಲಿಟ್ಟು ಮೀಟುವ ಕನ್ನೆಲ್ ಎಂಬ ತಂತಿವಾದ್ಯ. ‘ನನ್ನ ಹೃದಯವೇ, ಎದ್ದೇಳು’ ಎಂಬ ಕೀರ್ತನೆಯಿಂದ ಶುರು. ಬಾಸ್ ಒಂದೇ ಸ್ವರವನ್ನು ಶ್ರುತಿಯಂತೆ ಹಿಡಿದು ನಿಂತಿತು. ಸ್ಯಾಕ್ಸೊಫೋನ್ ಮೊದಲು ಕ್ರೇಕ್ ಬರೆದಿಟ್ಟ ರಾಗವನ್ನು ಇದ್ದ ಹಾಗೇ ಹೇಳಿ, ಎರಡನೇ ಚರಣದಿಂದ ಮನೋಧರ್ಮಕ್ಕೆ ಬಿಟ್ಟುಕೊಂಡಿತು. ಹಳ್ಳಿಗರು ಜರ್ಮನ್ ರಾಗಕ್ಕೆ ಮಾಡಿದ್ದೂ ಇದನ್ನೇ ಅಲ್ಲವೇ? ಹಳೆಯ ಹಾಡಿಗೆ ಹೊಸ ಬಟ್ಟೆ ತೊಡಿಸುತ್ತಿದ್ದಾರೆ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ. ರಾಗಪುಸ್ತಕ ಕಸಿದುಕೊಂಡಿದ್ದ ಸ್ವಾತಂತ್ರ್ಯವನ್ನೇ ಅವರು ಅದಕ್ಕೆ ಮರಳಿಸುತ್ತಿದ್ದರು. ಒಂದು ಹಾಡಿಗೆ ಎಲೆಕ್ಟ್ರಾನಿಕ್ ಪ್ರತಿಧ್ವನಿ ಸೇರಿಸಿದ್ದು ಮಾತ್ರ ನನಗೆ ಹಿಡಿಸಲಿಲ್ಲ. ಆ ಕಲ್ಲಿನ ಕಮಾನುಗಳೇ ಸಾಕಿದ್ದವು.

ಮುಗಿದ ಮೇಲೆ ನನ್ನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ನೇರ ವಾದಕರ ಬಳಿ ಹೋದರು. ಏನು ಹೇಳಿದರೆಂದು ಪಕ್ಕದವರು ನನಗೆ ಇಂಗ್ಲಿಷಿನಲ್ಲಿ ತಿಳಿಸಿದರು: ‘ನಮ್ಮಜ್ಜಿ ಮೂರನೇ ಸಾಲನ್ನು ಹೀಗೆ ಹಾಡುತ್ತಿರಲಿಲ್ಲ.’ ಅಜ್ಜಿ ಹಾಡಿಯೂ ತೋರಿಸಿದರು. ಸ್ಯಾಕ್ಸೊಫೋನ್ ವಾದಕ ಇನ್ನೊಮ್ಮೆ ಹಾಡಿ ಎಂದು ಕೇಳಿಕೊಂಡ. ಬಾಸ್ ನುಡಿಸುತ್ತಿದ್ದವಳು ಫೋನ್ ಮುಂದೆ ಹಿಡಿದು ರೆಕಾರ್ಡ್ ಮಾಡಿಕೊಂಡು, ಅಜ್ಜಿಯ ಊರು ಯಾವುದೆಂದು ಕೇಳಿ ಬರೆದುಕೊಂಡಳು.