ಲೇಕ್ ಸ್ಟ್ರೀಟ್ ಮಾದರಿ: 7ರಿಂದ 12ನೇ ವಾರದವರೆಗಿನ ಕೆಲಸ

7ನೇ ವಾರ

ತಳಹಲಗೆ ಸಿದ್ಧವಾಯಿತು. 12 ಎಂಎಂ ಪ್ಲೈವುಡ್, ಉದ್ದ 1 ಮೀಟರ್ 30 ಸೆಂಟಿಮೀಟರ್. ಊಟದ ಮೇಜನ್ನು ಪೂರ್ತಿ ಆಕ್ರಮಿಸಿದೆ. ಈ ಆರು ವಾರ ಮನೆಯವರೆಲ್ಲ ಅಡುಗೆಮನೆಯ ಕಟ್ಟೆಯ ಮೇಲೇ ಊಟ ಮಾಡಿದ್ದಾರೆ, ಅವರಿಗೆ ನಾನು ಋಣಿ.

ಈಗ ಓದಲು ಶುರು ಮಾಡಿದವರಿಗಾಗಿ ಹೇಳುತ್ತೇನೆ. ನಾನು ಕಟ್ಟುತ್ತಿರುವುದು ಷಿಕಾಗೋದ ಲೇಕ್ ಸ್ಟ್ರೀಟಿನ ಉತ್ತರದ ಸಾಲನ್ನು, ಕ್ಲಾರ್ಕ್ ಸ್ಟ್ರೀಟಿನಿಂದ ಲಸಾಲ್ ಸ್ಟ್ರೀಟಿನವರೆಗೆ, 1860ರ ವಸಂತದಲ್ಲಿ ಇದ್ದ ಹಾಗೆ. ಅಳತೆ 1:87, ಅಂದರೆ ನಿಜದ ಒಂದು ಅಡಿಗೆ ಮಾದರಿಯಲ್ಲಿ 3.5 ಎಂಎಂ. ಸಾಲಿನ ಉದ್ದ 320 ಅಡಿ, ನನ್ನ ಮೇಜಿನ ಮೇಲೆ 112 ಸೆಂಟಿಮೀಟರ್. ರಸ್ತೆಯ ಅಗಲ 80 ಅಡಿ, ಅಂದರೆ 28 ಸೆಂಟಿಮೀಟರ್. 1830ರಲ್ಲಿ ಜೇಮ್ಸ್ ಥಾಂಪ್ಸನ್ ಎಂಬ ಸರ್ವೇದಾರ ಊರಿನ ನಕ್ಷೆ ಎಳೆದಾಗಿನ ಅಳತೆಗಳೇ ಇವು, ಆದ್ದರಿಂದ ತಳಹಲಗೆಯ ಬಗ್ಗೆ ನನಗೆ ಅನುಮಾನವಿಲ್ಲ.

ಈ ಸಾಲೇ ಯಾಕೆ ಎಂದರೆ, ಒಳಚರಂಡಿಗಾಗಿ ಊರಿನ ರಸ್ತೆಗಳನ್ನು ಎತ್ತರಿಸಿದ್ದರಿಂದ 1860ರಲ್ಲಿ ಇದನ್ನೂ ಇಡಿಯಾಗಿ ನೆಲದಿಂದ ಮೇಲಕ್ಕೆ ಎತ್ತಿದರು. ಕಲ್ಲು, ಇಟ್ಟಿಗೆಯ ನಾಲ್ಕು ಐದು ಅಂತಸ್ತಿನ ಕಟ್ಟಡಗಳು, ಜೊತೆಗೆ ಅವಕ್ಕೆ ತೂಗುಬಿಟ್ಟ ಕಾಲುದಾರಿ, ಎಲ್ಲ ಸೇರಿ ಅಂದಾಜು 35,000 ಟನ್. ಐದು ದಿನದಲ್ಲಿ 4 ಅಡಿ 8 ಇಂಚು ಮೇಲೆ ಬಂತು. ಅಂಗಡಿಗಳು ಬಾಗಿಲು ಹಾಕಲಿಲ್ಲ, ಗಿರಾಕಿಗಳು ಬಂದು ಹೋಗುತ್ತಲೇ ಇದ್ದರು.

8ನೇ ವಾರ

ಈ ವಾರ ಕಟ್ಟಿದ್ದಕ್ಕಿಂತ ಓದಿದ್ದೇ ಹೆಚ್ಚು. ರಸ್ತೆಯ ಮಟ್ಟ ಎಷ್ಟು ಏರಿತು ಎಂದು ತಿಳಿಯಲು ಕೂತವನು, ಆ ಮಟ್ಟವನ್ನು ಯಾರು ಗೊತ್ತು ಮಾಡಿದರು, ಯಾರ ದುಡ್ಡಿನಲ್ಲಿ ಎಂದು ಹುಡುಕುತ್ತಾ ನಗರಸಭೆಯ ಕಾಗದಗಳಿಗೆ ಹೋಗಿ ನಿಂತೆ. ಇನ್ನು ಈ ಮಾದರಿ ಬರೀ ಕಟ್ಟಡಗಳದ್ದಾಗಿ ಉಳಿಯುವುದಿಲ್ಲ.

1871ರ ಅಕ್ಟೋಬರಿನ ಬೆಂಕಿಯಲ್ಲಿ ಕೋರ್ಟ್‌ಹೌಸ್ ಸುಟ್ಟಿತು, ಅದರೊಳಗಿದ್ದ ನಗರದ ದಾಖಲೆಗಳೂ ಹೋದವು ಎಂದೇ ಬಹುಕಾಲ ಎಲ್ಲರೂ ನಂಬಿದ್ದರು. 1980ರ ದಶಕದಲ್ಲಿ ನಗರದ ಒಂದು ಉಗ್ರಾಣದಲ್ಲಿ 1833ರಿಂದ 1871ರವರೆಗಿನ ಕೌನ್ಸಿಲ್ (ನಗರಸಭೆ) ಕಾಗದಗಳು ಸಿಕ್ಕವು. ಒಂದೆರಡಲ್ಲ, ಮೂವತ್ತು ಸಾವಿರಕ್ಕೂ ಮೇಲೆ. ಈಗ ನಾರ್ತ್‌ಈಸ್ಟರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಪತ್ರಾಗಾರದಲ್ಲಿವೆ. ಸೂಚಿಯನ್ನು ಮನೆಯಲ್ಲೇ ಕೂತು ನೋಡಬಹುದು. ನಾನು ಒಂದು ದಿನ ರಜೆ ಹಾಕಿ ಅಲ್ಲಿಗೇ ಹೋಗಿ ಬಂದೆ.

ಮಡಿಸಿ ಮಡಿಸಿ ಗೆರೆ ಬಿದ್ದ ಹಾಳೆಗಳು. ಹೊರಮೈ ಮೇಲೆ ವಿಷಯ, ಸಲ್ಲಿಸಿದ ತಾರೀಕು, ಯಾವ ಸಮಿತಿಗೆ ಕಳಿಸಿದ್ದು ಎಂಬ ಟಿಪ್ಪಣಿ. ಒಳಗೆ ಹತ್ತಾರು ರುಜುಗಳು, ಒಂದೊಂದಕ್ಕೂ ಬೇರೆ ಶಾಯಿ, ಬೇರೆ ಓಟ. ನಮ್ಮ ಬೀದಿಗೆ ಕಾಲುದಾರಿ ಬೇಕು, ರಸ್ತೆಗೆ ಮರದ ಹಲಗೆ ಹಾಸಿಸಿ, ಹಂದಿಗಳನ್ನು ಬೀದಿಗೆ ಬಿಡದ ಹಾಗೆ ಮಾಡಿ, ಸಾರಾಯಿ ಲೈಸೆನ್ಸ್ ಕೊಡಿ. ಅದರ ಹಿಂದೆಯೇ ತಕರಾರು ಅರ್ಜಿ: ನಮಗೆ ಆ ಹಲಗೆ ಬೇಡ, ಖರ್ಚು ತಡೆಯಲಾಗದು. ಕೈ ತೊಳೆದು ಮುಟ್ಟಿ ಎಂದು ಹೇಳಿದ್ದರು, ಮುಟ್ಟುವಾಗ ನನ್ನ ಕೈ ನಡುಗುತ್ತಿತ್ತು. ನೂರೈವತ್ತು ವರ್ಷಕ್ಕೂ ಹಿಂದಿನ ಕೆಸರಿನ ಮೇಲೆ ನಡೆದವರು ಕೂತು ಬರೆದ ಹಾಳೆಗಳು ಅವು.

ಊರು ಬೆಳೆದ ವೇಗ ನೆನಪಿಟ್ಟುಕೊಂಡರೆ ಈ ರಾಶಿ ಅರ್ಥವಾಗುತ್ತದೆ. 1837ರ ಮಾರ್ಚ್‌ನಲ್ಲಿ ನಗರದ ಸನ್ನದು ಸಿಕ್ಕಿದಾಗ ಜನಸಂಖ್ಯೆ 4,170, ವಾರ್ಡುಗಳು 6. ಮೊದಲ ಮೇಯರ್ ವಿಲಿಯಂ ಆಗ್ಡನ್. 1850ಕ್ಕೆ ಜನ ಸುಮಾರು 30,000. 1860ಕ್ಕೆ ಒಂದು ಲಕ್ಷ ದಾಟಿತ್ತು. 1848ರಲ್ಲಿ ಇಲಿನಾಯ್-ಮಿಷಿಗನ್ ಕಾಲುವೆ ತೆರೆಯಿತು, ಅದೇ ವರ್ಷ ರೈಲೂ ಬಂತು. ಆ ವರ್ಷವೇ ಸ್ಟೇಟ್ ಸ್ಟ್ರೀಟಿನಲ್ಲಿ ಕಟ್ಟಿದ ಮಾರುಕಟ್ಟೆಯ ಮಹಡಿಯಲ್ಲಿ ಕೌನ್ಸಿಲ್ ಸಭೆ ಸೇರುತ್ತಿತ್ತು, ಕೆಳಗೆ ಅಂಗಡಿಗಳು, ಮೇಲೆ ಆಲ್ಡರ್ಮನ್‌ಗಳು, ಅಂದರೆ ವಾರ್ಡುಗಳ ಪ್ರತಿನಿಧಿಗಳು. ಇಂಥ ಊರಿನ ಪ್ರತಿ ಬೀದಿಯೂ ಒಂದೇ ಸಲ ಎಲ್ಲವನ್ನೂ ಕೇಳುತ್ತಿತ್ತು.

ಕೇಳಿದ್ದಕ್ಕೆ ದುಡ್ಡು ಎಲ್ಲಿಂದ ಬರಬೇಕು? ಉತ್ತರ ತುಂಬ ಸರಳ: ಕೇಳಿದವರಿಂದಲೇ. ಬೀದಿಗೆ ಹಲಗೆ ಬೇಕೆಂದು ಆ ಬೀದಿಯ ಆಸ್ತಿವಂತರು ಅರ್ಜಿ ಹಾಕಬೇಕು. ಬೀದಿ ಮತ್ತು ಓಣಿಗಳ ಸಮಿತಿ ನೋಡಿ ವರದಿ ಕೊಡುತ್ತದೆ. ಕೌನ್ಸಿಲ್ ಒಪ್ಪಿದರೆ ಖರ್ಚನ್ನು ಆ ಬೀದಿಯ ನಿವೇಶನಗಳ ಮೇಲೆ ಹಂಚಿ ವಂತಿಗೆ ಪಟ್ಟಿ ತಯಾರಾಗುತ್ತದೆ. ಪಕ್ಕದ ಬೀದಿಯವನಿಗೆ ಲಾಭವೂ ಇಲ್ಲ, ಹೊರೆಯೂ ಇಲ್ಲ. ಬಾಡಿಗೆಗೆ ಇದ್ದವರ ಮಾತಿಗೆ ಇದರಲ್ಲಿ ಜಾಗವೇ ಇಲ್ಲ. ಇದು ನ್ಯಾಯವೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಒಬ್ಬರ ಕಾಲುದಾರಿಗೆ ಇನ್ನೊಬ್ಬರ ಜೇಬಿಗೆ ಕೈ ಹಾಕಬಾರದು ಎಂಬುದು ಸರಿಯೇ. ಆದರೆ ಬಡವರ ಬೀದಿ ಅರ್ಜಿ ಹಾಕಲಾರದು, ಹಾಕದಿದ್ದರೆ ಕೆಸರು ಹೋಗದು. ಈ ಏರ್ಪಾಡು ಇದ್ದ ಕಡೆ ಊರು ಒಂದು ಊರಾಗಿರಲಿಲ್ಲ, ಬೀದಿ ಬೀದಿಗೂ ಬೇರೆ ಊರಾಗಿತ್ತು.

9ನೇ ವಾರ

ಮುಂಭಾಗದ ಗೋಡೆಗಳು ಕೊಯ್ದಾಗಿವೆ. 2 ಎಂಎಂ ಕಾರ್ಡ್‌ಬೋರ್ಡ್, ಮೇಲೆ ಇಟ್ಟಿಗೆ ಗೆರೆ ಕೊರೆದ ತೆಳು ಹಾಳೆ. ಕಿಟಕಿ ಕೊರೆಯಲು ನಾಲ್ಕು ಸಂಜೆ ಬೇಕಾಯಿತು. ಹಿಂಭಾಗ ಕಟ್ಟುತ್ತಿಲ್ಲ. ನಿಜದ ಸಾಲು ಹೆಚ್ಚುಕಡಿಮೆ ಒಂದು ಎಕರೆ ಜಾಗದಲ್ಲಿ ನಿಂತಿತ್ತು, ನಾನು 15 ಸೆಂಟಿಮೀಟರ್ ಆಳಕ್ಕೆ ನಿಲ್ಲಿಸಿದ್ದೇನೆ.

ಓದಿನಲ್ಲಿ 1855ಕ್ಕೆ ಬಂದೆ. ಆ ಒಂದು ವರ್ಷದಲ್ಲಿ ಎಷ್ಟೊಂದು ನಡೆದಿದೆ! ಮೇಯರ್ ಲೀವೈ ಬೂನ್ ಕಾಲದ ಕೌನ್ಸಿಲ್ ಸಾರಾಯಿ ಲೈಸೆನ್ಸ್ ಶುಲ್ಕವನ್ನು 50 ಡಾಲರಿನಿಂದ 300ಕ್ಕೆ ಏರಿಸಿತು, ಭಾನುವಾರ ಅಂಗಡಿ ಮುಚ್ಚಬೇಕೆಂದಿತು. ಬಿಯರ್ ಮಾರುತ್ತಿದ್ದ ಜರ್ಮನ್ ವಲಸಿಗರಿಗೆ ಇದು ತಮ್ಮ ಮೇಲೇ ಗುರಿಯಿಟ್ಟದ್ದೆಂದು ತಿಳಿಯದೆ ಇರಲಿಲ್ಲ. ಏಪ್ರಿಲ್ 21ರಂದು ಅವರು ಕೋರ್ಟ್‌ಹೌಸಿನತ್ತ ಹೊರಟಾಗ ಕ್ಲಾರ್ಕ್ ಸ್ಟ್ರೀಟಿನ ತಿರುಗುಸೇತುವೆಯನ್ನು ತಿರುಗಿಸಿ ಗುಂಪನ್ನು ನದಿಯ ಆಚೆಗೇ ತಡೆದರು. ಆಮೇಲೆ ಗುಂಡು ಹಾರಿತು, ಜೀವ ಹೋಯಿತು. ಆ ಸೇತುವೆ ನನ್ನ ಮಾದರಿಯ ಹೊರಗಿದೆ. ಕಟ್ಟುವ ಆಸೆ ಬಲವಾಗಿಯೇ ಇದೆ, ಈ ಸಾಲು ಮುಗಿಯಲಿ.

ಅದೇ ವರ್ಷದ ಫೆಬ್ರವರಿಯಲ್ಲಿ ರಾಜ್ಯದ ಶಾಸನಸಭೆ ಷಿಕಾಗೋಗೆ ಒಳಚರಂಡಿ ಮಂಡಳಿಯನ್ನು ರಚಿಸಿತ್ತು. ಹಿಂದಿನ ವರ್ಷ ಕಾಲರಾದಲ್ಲಿ 1,400ಕ್ಕೂ ಹೆಚ್ಚು ಜನ ಸತ್ತಿದ್ದರು. ಮಂಡಳಿಯ ಮೂವರು ಕಮಿಷನರುಗಳಲ್ಲಿ ಒಬ್ಬರು ಮೊದಲ ಮೇಯರ್ ಆಗಿದ್ದ ಅದೇ ಆಗ್ಡನ್. ಮಂಡಳಿಯವರು ಬಾಸ್ಟನ್ನಿನ ನಗರ ಎಂಜಿನಿಯರ್ ಎಲ್ಲಿಸ್ ಚೆಸ್‌ಬ್ರೋ ಅವರನ್ನು ಕರೆಸಿದರು.

ಚೆಸ್‌ಬ್ರೋ ಎದುರಿಗಿದ್ದ ಕಷ್ಟವನ್ನು ನನ್ನ ತಳಹಲಗೆಯೇ ತೋರಿಸುತ್ತದೆ. ಊರು ಚಪ್ಪಟೆ, ಪಕ್ಕದ ಮಿಷಿಗನ್ ಸರೋವರದ ನೀರಿಗಿಂತ ಕೆಲವೇ ಅಡಿ ಮೇಲೆ. ನೆಲ ಅಗೆದು ಕೊಳವೆ ಹೂತರೆ ನೀರು ಹರಿಯಲು ಇಳಿಜಾರೇ ಸಿಗದು. ಅವರು ಕೊಳವೆಗಳನ್ನು ಇದ್ದ ರಸ್ತೆಯ ಮೇಲೇ ಇಟ್ಟು, ಮೇಲೆ ಮಣ್ಣು ತುಂಬಿಸಿ, ರಸ್ತೆಯನ್ನೇ ಎತ್ತರಿಸಲು ಹೇಳಿದರು. ಕೆಲವೆಡೆ ಹತ್ತು ಅಡಿಯವರೆಗೆ. 1856ರಲ್ಲಿ ಕೌನ್ಸಿಲ್ ಯೋಜನೆಯನ್ನು ಒಪ್ಪಿಕೊಂಡಿತು. ಅಮೆರಿಕದಲ್ಲಿ ಒಂದು ಇಡೀ ನಗರಕ್ಕೆಂದು ಯೋಜಿಸಿದ ಮೊದಲ ಒಳಚರಂಡಿ ವ್ಯವಸ್ಥೆ ಇದು.

ಇಲ್ಲಿ ಕಾಗದಗಳ ಬಣ್ಣವೇ ಬದಲಾದಂತೆ ನನಗೆ ಕಂಡಿತು. ಹಲಗೆಯನ್ನು ಬೀದಿ ಬೀದಿಗೆ ಹಂಚಬಹುದು. ಮೋರಿಯನ್ನು ಹಂಚಲಾಗದು, ಮೇಲಿನ ಬೀದಿಯವನು ಬೇಡವೆಂದರೆ ಕೆಳಗಿನ ಬೀದಿಗೂ ಮೋರಿಯಿಲ್ಲ. ಕಾಲರಾ, ಅರ್ಜಿ ಹಾಕಿದವರ ಮನೆ ಯಾವುದು ಎಂದು ಕೇಳಿಕೊಂಡು ಬರುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಊರೆಲ್ಲದರ ಹೆಸರಿನಲ್ಲಿ ಬಾಂಡ್ ಎತ್ತಿ ಸಾಲ ಮಾಡಿದರು.

10ನೇ ವಾರ

ರಸ್ತೆ ತುಂಬಿದೆ. ಫೋಮ್ ಮೇಲೆ ಪ್ಲಾಸ್ಟರ್, ಅದರ ಮೇಲೆ ಜರಡಿ ಹಿಡಿದ ಮಣ್ಣು, ತೆಳುಮಾಡಿದ ಬಿಳಿ ಗೋಂದು. ಒಂದು ತುದಿಯಲ್ಲಿ ಅಡ್ಡ ಸೀಳು ತೋರಿಸಿ ಒಳಗಿನ ಇಟ್ಟಿಗೆ ಕೊಳವೆ ಕಾಣುವಂತೆ ಬಿಟ್ಟಿದ್ದೇನೆ. ಈಗ ಅಂಗಡಿಗಳ ಹೊಸ್ತಿಲು ರಸ್ತೆಗಿಂತ 16 ಎಂಎಂ ಕೆಳಗೆ.

ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಒಂದು ಕ್ಷಣ ನೋಡಿ, “ಅಯ್ಯೋ, ಇದು ನಮ್ಮನೆ ಜಗಲಿ ಕಣೋ” ಅಂದರು. ನಿಜ. ಊರಿನ ನಮ್ಮ ಮನೆಯ ಜಗಲಿಗೆ ನಾನು ಚಿಕ್ಕವನಿದ್ದಾಗ ಮೂರು ಮೆಟ್ಟಿಲು ಹತ್ತಬೇಕಿತ್ತು. ಡಾಂಬರಿನ ಮೇಲೆ ಡಾಂಬರು ಬಿದ್ದು, ಆಮೇಲೆ ಕಾಂಕ್ರೀಟೂ ಬಿದ್ದು, ಈಗ ರಸ್ತೆಯಿಂದ ಜಗಲಿಗೆ ಇಳಿಯಬೇಕು. ಮಳೆಗಾಲದಲ್ಲಿ ಅಪ್ಪ ಹೊಸ್ತಿಲಿಗೆ ಮರಳು ಮೂಟೆ ಇಡುತ್ತಾರೆ. ಬೆಂಗಳೂರಿನಲ್ಲಿ ಈಗ ಜಾಕ್ ಇಟ್ಟು ಮನೆ ಎತ್ತುವವರೂ ಇದ್ದಾರೆ. ಅಮ್ಮ ಕೇಳಿದ ಮುಂದಿನ ಪ್ರಶ್ನೆಯೇ ನನ್ನದೂ ಆಗಿತ್ತು: “ರಸ್ತೆ ಸರ್ಕಾರ ಎತ್ತಿತು ಸರಿ, ಮನೆ ಎತ್ತೋಕೆ ದುಡ್ಡು ಯಾರು ಕೊಟ್ರು?”

ಮನೆಯವರೇ ಕೊಟ್ಟರು. ಮೋರಿ, ರಸ್ತೆ ಊರಿನದ್ದು, ಕಟ್ಟಡ ಎತ್ತುವ ಖರ್ಚು ಮಾಲೀಕರದ್ದು. ಎತ್ತಿಸಬಲ್ಲವರು ಎತ್ತಿಸಿದರು. ಕೆಲವರು ಮರದ ಮನೆಯನ್ನು ಉರುಳುದಿಮ್ಮಿಗಳ ಮೇಲಿಟ್ಟು ಊರಾಚೆಗೆ ಸಾಗಿಸಿದರು. ಏನೂ ಮಾಡಲಾಗದವರು ಹಾಗೇ ಉಳಿದರು. ವರ್ಷಗಟ್ಟಲೆ ಕಾಲುದಾರಿಯಲ್ಲಿ ನಡೆಯುವುದೆಂದರೆ ಮೆಟ್ಟಿಲು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಪಿಲ್ಸೆನ್ ಬಡಾವಣೆಯಲ್ಲಿ ಇಂದಿಗೂ ಮುಂಬಾಗಿಲು ರಸ್ತೆಗಿಂತ ತಗ್ಗಿನಲ್ಲಿರುವ ಮನೆಗಳಿವೆ, ಅಂಗಳ ಹಳ್ಳದಲ್ಲಿದ್ದು ಮೇಲಿನ ಬಾಗಿಲಿಗೆ ಪುಟ್ಟ ಸೇತುವೆಯಂಥ ಮೆಟ್ಟಿಲು. ಭಾನುವಾರ ಹೋಗಿ ಟೇಪ್ ಹಿಡಿಯದೆ, ಕಣ್ಣಳತೆಯಲ್ಲೇ ನೋಡಿ ಬಂದೆ. ಯಾರದೋ ಮನೆ, ಒಳಗೆ ಯಾರೋ ಅಡುಗೆ ಮಾಡುತ್ತಿದ್ದರು.

11ನೇ ವಾರ

ಜಾಕ್‌ಗಳು. 1858ರ ಜನವರಿಯಲ್ಲಿ ರಾಂಡಾಲ್ಫ್ ಮತ್ತು ಡಿಯರ್‌ಬಾರ್ನ್ ಮೂಲೆಯ ನಾಲ್ಕು ಅಂತಸ್ತಿನ, 750 ಟನ್ ತೂಕದ ಇಟ್ಟಿಗೆ ಕಟ್ಟಡವನ್ನು 200 ಸ್ಕ್ರೂ ಜಾಕ್‌ಗಳಿಂದ 6 ಅಡಿ 2 ಇಂಚು ಎತ್ತಿದ್ದರು. ಲೇಕ್ ಸ್ಟ್ರೀಟಿನ ಸಾಲಿಗೆ 6,000 ಜಾಕ್, 600 ಜನ. ಒಬ್ಬನಿಗೆ ಹತ್ತು. ಭಾಗಿಸಿ ನೋಡಿದರೆ ಒಂದು ಜಾಕ್ ಮೇಲೆ ಆರು ಟನ್‌ಗೆ ಸ್ವಲ್ಪ ಕಡಿಮೆ, ದಿನಕ್ಕೆ ಸುಮಾರು 11 ಇಂಚು. ಕೆಲಸ ಹಿಡಿದವರಲ್ಲಿ ಜಾರ್ಜ್ ಪುಲ್ಮನ್ ಒಬ್ಬ. ಮುಂದೆ ರೈಲಿನ ಮಲಗುವ ಬೋಗಿಗಳಿಂದ ಹೆಸರಾದ ಅದೇ ಪುಲ್ಮನ್.

ನನ್ನ ಸಾಲಿನ ಕೆಳಗೆ ಎಂಟು ಎಂ6 ಬೋಲ್ಟ್‌ಗಳಿವೆ. ಒಂದು ಸುತ್ತಿಗೆ ಒಂದು ಎಂಎಂ ಏರುತ್ತದೆ, 16 ಸುತ್ತು ಮತ್ತು ಸ್ವಲ್ಪ. ಬುಧವಾರ ರಾತ್ರಿ ಒಬ್ಬನೇ ಪ್ರಯತ್ನಿಸಿದೆ: ಮೊದಲ ಬೋಲ್ಟ್ ಎರಡು ಸುತ್ತು, ಆಮೇಲೆ ಎರಡನೆಯದು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಪಟ್ ಎಂದಿತು. ಬಲತುದಿಯ ಕಟ್ಟಡದ ಸೂರಂಚಿನಿಂದ ಎರಡನೇ ಅಂತಸ್ತಿನವರೆಗೆ ಬಿರುಕು. ನಾಲ್ಕು ಸಂಜೆ ಕೊರೆದ ಕಿಟಕಿಗಳಲ್ಲಿ ಮೂರು ಹೋದವು. ಬೇಜಾರಾಯಿತು, ದೀಪ ಆರಿಸಿ ಮಲಗಿದೆ. ಗುರುವಾರ, ಶುಕ್ರವಾರ ಅದರ ರಿಪೇರಿ.

12ನೇ ವಾರ

ಶನಿವಾರ ಮಧ್ಯಾಹ್ನ ಗೆಳೆಯರ ಕುಟುಂಬ ಊಟಕ್ಕೆ ಬಂದಿತ್ತು. ಬಿಸಿಬೇಳೆ ಬಾತ್ ಮುಗಿಸಿ ಎಲ್ಲರ ಕೈಗೂ ಸ್ಪ್ಯಾನರ್ ಕೊಟ್ಟೆ. ನಾಲ್ಕು ಜನ, ಒಬ್ಬರಿಗೆ ಎರಡು ಬೋಲ್ಟ್. ನನ್ನ ಮಗಳ ಕೈಯಲ್ಲಿ ಸೀಟಿ. ಸೀಟಿ ಊದಿದಾಗ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಆ ಕಾಲದಲ್ಲೂ ಹೀಗೇ, ಸಂಜ್ಞೆ ಕೊಟ್ಟಾಗ ಎಲ್ಲರೂ ಒಟ್ಟಿಗೆ ತಿರುಗಿಸುತ್ತಿದ್ದರು.

65 ಸೀಟಿ. ಮೂವತ್ತರ ಹೊತ್ತಿಗೆ ಮಾತು ನಿಂತಿತ್ತು, ಸೀಟಿಯ ಸದ್ದು, ಬೋಲ್ಟಿನ ಕಿರ್ ಸದ್ದು ಅಷ್ಟೇ. ಐವತ್ತು ದಾಟಿದ ಮೇಲೆ ಹೊಸ್ತಿಲುಗಳು ರಸ್ತೆಯ ಮಟ್ಟಕ್ಕೆ ಬರುವುದು ಬರಿಗಣ್ಣಿಗೆ ಕಾಣತೊಡಗಿತು. ಕೊನೆಯ ಸೀಟಿಗೆ ನಾನು ಅಂಗಡಿಯ ಬಾಗಿಲಿನಿಂದ ರಸ್ತೆಗೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ, ಅಡ್ಡ ಸಮವಾಗಿ ಕೂತಿತು. ಹೊಸ ಬಿರುಕಿಲ್ಲ.

ಗೆಳೆಯರ ಮಗ ಎದುರಿನ ಸಾಲಿಗಾಗಿ ಖಾಲಿ ಬಿಟ್ಟ ಜಾಗ ತೋರಿಸಿ, ಅಲ್ಲಿಯವರನ್ನೂ ಎತ್ತುತ್ತೀರಾ ಎಂದು ಕೇಳಿದ. ಅಲ್ಲಿ ಕೆಳಗೇ ಉಳಿದ ಎರಡು ಮರದ ಮನೆಗಳನ್ನು ಕಟ್ಟುವುದೆಂದು ಆಗಲೇ ತೀರ್ಮಾನಿಸಿದೆ, ಇಂಥ ಬೀದಿ, ಇಂಥ ಮನೆ ಎಂದಲ್ಲ, ಆ ಕಾಲದ ಮಾದರಿಯ ಮನೆಗಳು. ಬಾಸ್‌ವುಡ್ ಎಂಬ ಮೆದು ಮರದ ಪಟ್ಟಿ ತರಿಸಿದ್ದೇನೆ. ರಸ್ತೆಯಿಂದ ಬಾಗಿಲಿಗೆ ಇಳಿಯುವ ಮೆಟ್ಟಿಲು ಎಷ್ಟಿರಬೇಕೆಂದು ಲೆಕ್ಕ ಹಾಕಿದೆ: ಒಂದು ಮೆಟ್ಟಿಲಿಗೆ ಏಳು ಇಂಚು ಹಿಡಿದರೆ ಎಂಟು. ಮುಂದಿನ ವಾರ ಅಲ್ಲಿಂದ ಶುರು.