ಆಯಿಯ ಹಾಡೂ ಅಪ್ಪಯ್ಯನ ಲೆಕ್ಕವೂ ಪಿಡಿಎಫ್ ಆದ ಕತೆ

ಹೋದ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಅರವತ್ತು ತುಂಬಿತು. ಶ್ರಾವಣದಲ್ಲಿ ಮನೆಮಟ್ಟಿಗೆ ಒಂದು ಶಾಂತಿ ಮಾಡಿಸೋದು ಅಂತಾಯ್ತು. ಆಯಿಯ ತಲೆಯಲ್ಲಿ ಶಾಂತಿಗಿಂತ ಜಾಸ್ತಿ ಇದ್ದಿದ್ದು ಹಾಡು. ಬಂದ ಹೆಂಗಸರಿಗೆಲ್ಲ ತನ್ನ ಹಾಡಿನ ಪಟ್ಟಿಯನ್ನು ಪ್ರಿಂಟ್ ಮಾಡಿಸಿ ಕೊಡಬೇಕು ಅಂತ ಅವಳ ಆಸೆ. ನಮ್ಮ ಕಡೆ ನೋಟ್‌ಬುಕ್ಕಿಗೆ ಪಟ್ಟಿ ಅಂತಲೇ ಹೇಳೋದು. ಆ ಪಟ್ಟಿಯನ್ನು 2009ರ ಬೇಸಿಗೆ ರಜೆಯಲ್ಲಿ ನಾನೇ ಕೂತು ಟೈಪ್ ಮಾಡಿದ್ದೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಎಲ್ಲ ಸೇರಿ ನಲವತ್ತೆರಡು. ಟೈಪ್ ಆಗಿದ್ದೇ ಇದೆಯಲ್ಲ, ಇನ್ನೇನು ಕೆಲಸ? ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವ್‌ಗೆ ಹಾಕಿ ಕಿಸೆಯಲ್ಲಿಟ್ಟುಕೊಂಡು ಶಿರಸಿ ಬಸ್ ಹತ್ತಿದೆ.

ಬಿಡ್ಕಿಬೈಲಿನ ಹತ್ತಿರದ ಒಂದು ಪ್ರಿಂಟಿಂಗ್ ಅಂಗಡಿ. ಹೊರಗೆ ಜಡಿಮಳೆ, ಒಳಗೆ ಒದ್ದೆ ಕೊಡೆಗಳ ರಾಶಿ. ಹುಡುಗ ಫೈಲ್ ತೆರೆದ. ತೆರೆದವನು ಮಾತಾಡಲಿಲ್ಲ, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದ. ಪುಟದ ತುಂಬ ಇಂಗ್ಲಿಷಿನ 'ಎ' ಅಕ್ಷರ, ಅದರ ತಲೆ ಮೇಲೆ ಓರೆ ಗೀಟು. ನಡುನಡುವೆ ಪೌಂಡಿನ ಗುರುತು. ಅಲ್ಲಲ್ಲಿ ಅರ್ಧ, ಕಾಲು. ಆಯಿಯ ತೊಟ್ಟಿಲ ಹಾಡು ಯಾವುದೋ ದೇಶದ ರೇಷನ್ ಲೆಕ್ಕದ ಹಾಗೆ ಕಾಣುತ್ತಿತ್ತು.

"ಹಳೇ ನುಡಿ ಸರ್ ಇದು. ನಮ್ಮಲ್ಲಿ ಆ ಫಾಂಟ್ ಇಲ್ಲ. ಪಿಡಿಎಫ್ ಮಾಡ್ಕೊಂಡು ಬನ್ನಿ" ಅಂದ.

ನುಡಿ ಅಂದರೆ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್, ಅದರ ಜೊತೆಗೆ ಬರುವ ಫಾಂಟಿಗೂ ಅದೇ ಹೆಸರು. ಕನ್ನಡ ಡಿಟಿಪಿ ಮಾಡಿದವರಿಗೆ ಇದು ಹೊಸ ವಿಷಯವಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ನಂಬರು ಕೊಡುವ ಯುನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟುಗಳಲ್ಲಿ ಕನ್ನಡದ ಅಕ್ಷರಕ್ಕೆ ತನ್ನದೇ ಜಾಗ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಿದ್ದರು. ಕಂಪ್ಯೂಟರಿಗೆ ಅದು ಪೌಂಡಿನ ಗುರುತೇ. 'ನುಡಿ 01 ಇ' ಅನ್ನುವ ಫಾಂಟ್ ಹಾಕಿದರೆ ಮಾತ್ರ ನಮ್ಮ ಕಣ್ಣಿಗೆ 'ನ'. ಫಾಂಟ್ ಇಲ್ಲದ ಊರಿಗೆ ಫೈಲ್ ಹೋಯಿತೋ, ಕನ್ನಡ ಮಾಯ.

ಮನೆಗೆ ಬಂದು ನೋಡಿದರೆ ನನ್ನ ಲ್ಯಾಪ್‌ಟಾಪಿನಲ್ಲೂ ಅದೇ ಅವತಾರ. ಹಳೇ ಕಂಪ್ಯೂಟರಿಂದ ಇದಕ್ಕೆ ಫೈಲು ತಂದು ಹಾಕಿ ಎಷ್ಟೋ ವರ್ಷವಾಗಿತ್ತು, ಒಂದು ದಿನವೂ ತೆರೆದಿರಲಿಲ್ಲ. ಹಳೇ ಕಂಪ್ಯೂಟರ್ ಮೆತ್ತಿನ ಮೇಲಿತ್ತು. ಅಡಕೆ ಚೀಲಗಳ ಪಕ್ಕ, ಆಯಿಯ ಹಳೇ ಸೀರೆ ಹೊದ್ದುಕೊಂಡು. ಧೂಳು ಕೊಡವಿ, ಕರೆಂಟು ಬರೋವರೆಗೆ ಕಾದು, ಸ್ವಿಚ್ ಹಾಕಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿಗೆ ಕಾಯೋದೂ ಒಂದು ಉದ್ಯೋಗ. ಎರಡು ಸಲ ಕಿರುಚಿ, ಮೂರನೇ ಸಲಕ್ಕೆ ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ ಬಂತು. ಫೈಲ್ ತೆರೆದೆ. ಎಲ್ಲ ಹಾಡೂ ಕನ್ನಡದಲ್ಲಿ, ಗುಂಡಗೆ!

ಆ ಹಳೇ ವರ್ಡ್‌ನಲ್ಲಿ ನೇರವಾಗಿ ಪಿಡಿಎಫ್ ಮಾಡಲು ಬರುವುದಿಲ್ಲ. ವರ್ಡ್‌ನಲ್ಲಿ ಆ ಸೌಲಭ್ಯ ಮೊದಲಿಂದಲೇ ಸೇರಿಕೊಂಡು ಬಂದಿದ್ದು 2010ರ ಆವೃತ್ತಿಯಿಂದ. ಹಾಗಾಗಿ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನು ಎತ್ತಿಕೊಂಡು ಬಂದು ಲ್ಯಾಪ್‌ಟಾಪಿಗೆ ಹಾಕಿದೆ. ಫೈಲ್ ಮುಚ್ಚಿ ತೆರೆದೆ, ಸರಿಯಾಯಿತು. ಆಮೇಲೆ 'ಸೇವ್ ಆ್ಯಸ್', ಕೆಳಗಿನ ಪಟ್ಟಿಯಲ್ಲಿ ಪಿಡಿಎಫ್. ಅಷ್ಟೇ. ಅದನ್ನು ಫಾಂಟ್ ಇಲ್ಲದ ನನ್ನ ಫೋನಿನಲ್ಲಿ ತೆರೆದೆ. ಅಲ್ಲೂ ಗುಂಡಗೆ ಕನ್ನಡ.

ಪಿಡಿಎಫ್ ಮಾಡಿದವರ ಜಾಣತನ ಇರೋದೇ ಇಲ್ಲಿ. ಬೇಕಾದ ಅಕ್ಷರಗಳ ಆಕಾರವನ್ನು ಫೈಲು ತನ್ನೊಳಗೇ ಬುತ್ತಿ ಕಟ್ಟಿಕೊಂಡು ಹೋಗುತ್ತದೆ. ಹೋದ ಮನೆಯಲ್ಲಿ ಏನಿದೆ ಏನಿಲ್ಲ ಅಂತ ಕೇಳುವುದಿಲ್ಲ. ಅಡೋಬಿ ಕಂಪನಿಯ ಜಾನ್ ವಾರ್ನಾಕ್ 1991ರಲ್ಲಿ ಈ ಯೋಚನೆಯನ್ನು ಬರೆದಿಟ್ಟರಂತೆ, 1993ರಲ್ಲಿ ಅದು ಹೊರಗೆ ಬಂತು. 2008ರಿಂದ ಅದು ಒಂದೇ ಕಂಪನಿಯ ಸೊತ್ತಲ್ಲ, ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕ. ಯಾವ ಸಾಫ್ಟ್‌ವೇರಿನವರು ಬೇಕಾದರೂ ಮಾಡಬಹುದು. ಅದಕ್ಕೇ ಲಿಬ್ರೆಆಫೀಸಿನಲ್ಲೂ ಇದೆ, ವಿಂಡೋಸ್ 10ರ ಪ್ರಿಂಟರ್ ಪಟ್ಟಿಯಲ್ಲೂ ಇದೆ, ಫೋನಿನಲ್ಲೂ ಇದೆ.

ಅಂಗಡಿಗೆ ವಾಟ್ಸಾಪಿನಲ್ಲೇ ಫೈಲು ಕಳಿಸಿ, ಮೊದಲು ಒಂದೇ ಪ್ರತಿ ತೆಗೆದಿಡು, ಆಯಿ ನೋಡಿದ ಮೇಲೆ ಉಳಿದದ್ದು ಅಂದೆ. ಅಲ್ಲಿಗೆ ಸುಮ್ನೆ ಇದ್ದಿದ್ದರೆ ಚೆನ್ನಾಗಿತ್ತು. ಮರುದಿನ ಭಾನುವಾರ. ಅಪ್ಪಯ್ಯ ಅಡಕೆಯ ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸಲು, ಮರ ಹತ್ತುವ ಕೊನೆಗೌಡನನ್ನು ಕಾಯುತ್ತ, ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಆಕಾಶಕ್ಕೆ ನೋಡುತ್ತಿದ್ದ. ಮಳೆ ಬಿಡಲಿಲ್ಲ, ಕೊನೆಗೌಡ ಬರಲಿಲ್ಲ. ನನಗೆ ಹುರುಪು ಬಂದಿತ್ತು. ಮನೆಯ ಎಲ್ಲ ಕಾಗದವನ್ನೂ ಇವತ್ತು ಪಿಡಿಎಫ್ ಮಾಡಿಬಿಡೋಣ ಅಂತ ಕೂತೆ.

ಲ್ಯಾಪ್‌ಟಾಪಿನಲ್ಲಿದ್ದ ಫೈಲುಗಳ ಹೆಸರು ಓದಿದರೆ ಈಗಲೂ ನಾಚಿಕೆ. 'ಹೊಸದು'. 'ಹೊಸದು ಒಂದು'. 'ಫೈನಲ್'. 'ಫೈನಲ್ ಖರೆ'. 'ಅಪ್ಪಯ್ಯ' ಅಂತ ಒಂದಿತ್ತು, ತೆರೆದರೆ ಅದು ಗ್ಯಾಸ್ ಏಜೆನ್ಸಿಗೆ ಬರೆದ ಅರ್ಜಿ. ಪಹಣಿಯ ಫೋಟೋಗಳಂತೂ ಫೋನ್ ಕೊಟ್ಟ ನಂಬರಿನಲ್ಲೇ ಇದ್ದವು. ಯಾವ ಸರ್ವೆ ನಂಬರಿನದ್ದು, ಯಾವ ವರ್ಷದ್ದು, ತೆರೆಯದೆ ತಿಳಿಯುವ ಹಾಗಿರಲಿಲ್ಲ.

ತಲೆ ಕೆರೆದುಕೊಳ್ಳುತ್ತಿದ್ದಾಗ ಅಪ್ಪಯ್ಯ ಬಂದು ಹಿಂದೆ ನಿಂತ. ಏನು ಮಾಡುತ್ತಿದ್ದೇನೆ ಅಂತ ಹೇಳಿದೆ. ಪ್ರತಿ ಫೈಲಿಗೂ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಆಮೇಲೆ ವಿಷಯ. ಹಾಗಿಟ್ಟರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ದಿನ ಮೊದಲು ಬರೆದರೆ ಎಲ್ಲ ವರ್ಷದ ಒಂದನೇ ತಾರೀಕೂ ಒಂದೇ ಕಡೆ ಗುಂಪು ಕಟ್ಟುತ್ತವೆ. ಜೂನ್ ಅಂದರೆ ಬರೀ 6 ಅಲ್ಲ, 06. ಅಪ್ಪಯ್ಯ ಕೇಳಿಸಿಕೊಂಡು, ಮಾತಾಡದೆ, ಗೋಡೆಯ ಮೊಳೆಗೆ ಕೈ ತೋರಿಸಿದ. ಅಲ್ಲಿ ತಂತಿ ತೂಗುತ್ತಿತ್ತು. ಕೆಳಗೊಂದು ಮರದ ಬಿಲ್ಲೆ, ಅದರ ಮೇಲೆ ಚುಚ್ಚಿ ಚುಚ್ಚಿ ಇಟ್ಟ ರಸೀದಿಗಳು. ಅಡಿಯಲ್ಲಿ ಹಳೆಯದು, ಮೇಲೆ ಹೊಸದು.

"ಮೂವತ್ತು ವರ್ಷದಿಂದ ಆನು ಮಾಡಿದ್ದು ಅದೇಯ" ಅಂದ.

ನಾಲ್ಕೇ ಫೋಲ್ಡರ್ ಮಾಡಿದೆ. ಜಮೀನು, ಬ್ಯಾಂಕು, ಮನೆ, ಹಾಡು. ಮೊದಲು ಹದಿನೈದು ಮಾಡಿದ್ದೆ. ಯಾವುದಕ್ಕೆ ಯಾವುದು ಹಾಕೋದು ಅಂತ ಯೋಚಿಸುವುದರಲ್ಲೇ ಅರ್ಧ ಗಂಟೆ ಹೋಯಿತು. ಬೆಳೆಸಾಲದ ಕಾಗದ ಜಮೀನಿಗೋ ಬ್ಯಾಂಕಿಗೋ? ಒಡೆದು ಹಾಕಿ ನಾಲ್ಕಕ್ಕೆ ತಂದೆ. ಹೆಸರನ್ನು ಕನ್ನಡದಲ್ಲೇ ಇಟ್ಟೆ. ಆನ್‌ಲೈನ್ ಅರ್ಜಿಗೆ ಹಾಕುವಂಥದ್ದನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಎಷ್ಟೋ ಕಡೆ ಕನ್ನಡ ಹೆಸರಿನ ಫೈಲನ್ನು ಆ ಪುಟ ಒಳಗೇ ಬಿಟ್ಟುಕೊಳ್ಳುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ.

ಸ್ಕ್ಯಾನಿನದು ಇನ್ನೊಂದು ಕತೆ. ಜಮೀನಿನ ಖಾತೆ ಬದಲಾದ ಹಳೇ ಮ್ಯುಟೇಶನ್ ಕಾಗದವನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಪುಟಕ್ಕೆ ನಾಲ್ಕೈದು ಎಂಬಿ. ಕಪ್ಪು-ಬಿಳುಪಿನಲ್ಲಿ ಮಾಡಿದರೆ ಎಷ್ಟೋ ಪಟ್ಟು ಸಣ್ಣದು, ಆದರೆ ಮಸುಕಾದ ನೇರಳೆ ಸೀಲು ಹಾರಿಹೋಯಿತು. ಸೀಲಿಲ್ಲದ ಕಾಗದ ಯಾರಿಗೆ ಬೇಕು? ಸೀಲಿದ್ದ ಪುಟಕ್ಕೆ ಬಣ್ಣ, ಉಳಿದದ್ದಕ್ಕೆ ಬೂದು, 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ. ಇನ್ನೊಂದು ಗೊತ್ತಾಗಿದ್ದು, ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಬರೀ ಫೋಟೋ. ಒಳಗಿನ ಅಕ್ಷರ ಹುಡುಕಿದರೆ ಸಿಗುವುದಿಲ್ಲ. ಟೈಪ್ ಮಾಡಿದ ಕನ್ನಡದ ಪಿಡಿಎಫ್‌ನಲ್ಲೂ ಒತ್ತಕ್ಷರ ಇರುವ ಪದ ಹುಡುಕಿದರೆ ಎಷ್ಟೋ ಸಲ ಕೈ ಕೊಡುತ್ತದೆ. ಹಾಗಾಗಿ ಕೊನೆಗೆ ನಂಬಬೇಕಾದ್ದು ಫೈಲಿನ ಹೆಸರನ್ನೇ.

ಸಂಜೆಯ ಹೊತ್ತಿಗೆ ಇನ್ನೂರು ಚಿಲ್ಲರೆ ಪಿಡಿಎಫ್. ಕಣ್ಣು ಉರಿಯುತ್ತಿತ್ತು, ಹೆಮ್ಮೆಯೂ ಆಗಿತ್ತು. ಆ ಹೆಮ್ಮೆಯಲ್ಲೇ ಮೂರ್ಖ ಕೆಲಸ ಮಾಡಿದೆ. ಪಿಡಿಎಫ್ ಇದ್ದ ಮೇಲೆ ಹಳೇ ವರ್ಡ್, ಎಕ್ಸೆಲ್ ಕಸ ಯಾಕೆ ಅಂತ ಎಲ್ಲವನ್ನೂ ಆರಿಸಿ ಶಿಫ್ಟ್ ಒತ್ತಿ ಡಿಲೀಟ್ ಕೊಟ್ಟೆ. ರೀಸೈಕಲ್ ಬಿನ್ನಿಗೂ ಹೋಗಬಾರದು ಅಂತ. ಚೊಕ್ಕ ಆಯಿತು ಅಂತ ಚಾ ಕುಡಿದೆ.

ಮಂಗಳವಾರ ಅಂಗಡಿಯಿಂದ ಮೊದಲ ಪ್ರತಿ ತಂದೆ. ಆಯಿ ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಕೂತು, ಓದುತ್ತ ಅಲ್ಲ, ಸಣ್ಣಗೆ ಹಾಡುತ್ತ ಪುಟ ತಿರುಗಿಸಿದಳು. ಹನ್ನೊಂದನೇ ಪುಟದಲ್ಲಿ ಹಾಡು ನಿಂತಿತು.

"ತಮಾ, ಇದೆಂತ ಮತ್ತಿನಾರತಿಯೋ? ಆರತಿಗೂ ಕುಡಿಸಿದ್ಯನ?"

ನೋಡಿದೆ. ಮುತ್ತಿನಾರತಿ ಆಗಬೇಕಾದ್ದು. 'ಮು'ವಿನ ಕೊಂಬು ಬಿಟ್ಟುಹೋಗಿತ್ತು. 2009ರಲ್ಲಿ ನಾನೇ ಬಿಟ್ಟಿದ್ದು. ಒಂದು ಕೊಂಬು ತಾನೇ ಅಂತ ವರ್ಡ್ ಫೈಲ್ ಹುಡುಕಲು ಹೋದೆ. ಇಲ್ಲ. ಆಗ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. ಹಳೇ ಕಂಪ್ಯೂಟರ್ ಹತ್ತಿರ ಓಡಿದರೆ ಅದು ಶನಿವಾರ ಕಂಡಿದ್ದೇ ಕೊನೆ, ಈಗ ಕಿರುಚುವುದೂ ಇಲ್ಲ. ಪಿಡಿಎಫ್‌ನಿಂದ ಕಾಪಿ ಮಾಡಿ ವರ್ಡಿಗೆ ಹಾಕಿದೆ, ಮತ್ತೆ ಪೌಂಡಿನ ಗುರುತು. ನುಡಿ ಫಾಂಟ್ ಹಾಕಿದ ಮೇಲೆ ಕನ್ನಡವೇನೋ ಬಂತು, ಆದರೆ ಸಾಲುಗಳೆಲ್ಲ ತುಂಡು ತುಂಡು, ಕೆಲವು ಒತ್ತು ಕಾಣೆ.

ಆಗ ನೆನಪಾಯಿತು, ಪೆನ್‌ಡ್ರೈವ್! ಕಿಸೆ, ಚೀಲ, ರೇನ್‌ಕೋಟು ಎಲ್ಲ ತಡಕಿದೆ. ಅಂಗಡಿಗೆ ಫೋನ್ ಮಾಡಿದೆ. "ಬಂದು ನಿಮ್ಮದು ಯಾವುದು ನೋಡ್ಕೊಳ್ಳಿ ಸರ್" ಅಂದ ಹುಡುಗ. ಹೋದರೆ ಡ್ರಾ ಎಳೆದು ತೋರಿಸಿದ. ಜನ ಬಿಟ್ಟುಹೋದ ಪೆನ್‌ಡ್ರೈವ್‌ಗಳು ಅಂಗೈ ತುಂಬ ಆಗುವಷ್ಟು. ಕೆಂಪು, ನೀಲಿ, ಮುಚ್ಚಳ ಕಳೆದದ್ದು, ದಾರ ಕಟ್ಟಿದ್ದು, ಒಂದಕ್ಕೆ ದೇವರ ಫೋಟೋ ಅಂಟಿಸಿದ್ದು. ನನ್ನದು ಅಡಿಯಲ್ಲಿತ್ತು. ಮನೆಗೆ ತಂದು ಕೊಂಬು ಹಾಕಿದೆ, ಇನ್ನೊಂದು ಪಿಡಿಎಫ್ ಮಾಡಿ ಅಂಗಡಿಗೆ ಕಳಿಸಿದೆ. ಈ ಸಲ ವರ್ಡ್ ಫೈಲು ಮತ್ತು ಫಾಂಟ್ ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿ ಗೂಗಲ್ ಡ್ರೈವಿಗೂ ಏರಿಸಿದೆ.

ಅಪ್ಪಯ್ಯನ ಲೆಕ್ಕಕ್ಕೆ ಅಂಥ ಪೆನ್‌ಡ್ರೈವ್ ಇರಲಿಲ್ಲ. ಅಡಕೆ ಮಾರಿದ ಲೆಕ್ಕ ಎಕ್ಸೆಲ್‌ನಲ್ಲಿ ಇಟ್ಟುಕೊಟ್ಟಿದ್ದೆ. ರಾಶಿ, ಚಾಲಿ, ಬೆಟ್ಟೆ, ಬಿಳೇಗೋಟು ಅಂತ ಅಡಕೆಯ ಒಂದೊಂದು ಬಗೆಗೂ ಒಂದೊಂದು ಸಾಲು. ಕ್ವಿಂಟಲ್ ಹಾಕಿ ದರ ಹಾಕಿದರೆ ಮೊತ್ತ ತಾನೇ ಬರುತ್ತಿತ್ತು. ಈಗ ಉಳಿದದ್ದು ಅದರ ಪಿಡಿಎಫ್. ಸೂತ್ರ ಇಲ್ಲ, ಬರೀ ಅಂಕಿ. ಅದೂ ಅಡ್ಡ ಪುಟಕ್ಕೆ ಹೊಂದಿಸದೆ ಮಾಡಿದ್ದರಿಂದ 'ಮೊತ್ತ' ಅನ್ನುವ ಕಾಲಂ ಒಂದೇ ಹರಿದು ಎರಡನೇ ಪುಟಕ್ಕೆ ಬಿದ್ದಿತ್ತು. ಯಾವ ಮೊತ್ತ ಯಾವ ಅಡಕೆಯದು ಅಂತ ಸಾಲು ಎಣಿಸಿ ಹೊಂದಿಸಬೇಕು. ಮೂರು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆ. ಅಪ್ಪಯ್ಯ ಪಕ್ಕದಲ್ಲಿ ಕೂತು ತಂತಿಯಿಂದ ಒಂದೊಂದೇ ರಸೀದಿ ಬಿಡಿಸಿ ಓದಿ ಹೇಳಿದ. ಬಾಯಲ್ಲಿ ಕವಳ ಇದ್ದಿದ್ದರಿಂದ ಜಾಸ್ತಿ ಬೈಯಲಿಲ್ಲ.

ಶಾಂತಿಯ ದಿನ ಐವತ್ತು ಪ್ರತಿ ಹಂಚಿದೆವು. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರೆಲ್ಲ ಜಗಲಿಯಲ್ಲಿ ಪುಸ್ತಕ ಹಿಡಿದು ಹಾಡಿದರು. ರಾತ್ರಿ ನೋಡಿದರೆ ಆಯಿ ತನ್ನ ಪ್ರತಿಯ ಹಿಂದಿನ ಖಾಲಿ ಪುಟದಲ್ಲಿ ಪೆನ್ನಿನಿಂದ ಏನೋ ಬರೆಯುತ್ತಿದ್ದಳು. ಹಾಡುವಾಗ ಅತ್ತೆಗೆ ನೆನಪಾದ ಹಾಡಂತೆ. ನಲವತ್ಮೂರನೆಯದು.

"ಯಾವ ವರ್ಷದ್ದು ಇದು?" ಅಂತ ಕೇಳಿದೆ. ಫೈಲಿಗೆ ಹೆಸರಿಡಬೇಕಲ್ಲ.

"ಯಂಗೆ ಗೊತ್ತಿಲ್ಲೆ" ಅಂದಳು ಬರೆಯುತ್ತಲೇ. "ಅಮ್ಮಮ್ಮನೂ ಯಾರತ್ರನೋ ಕಲ್ತಿದ್ದು."