ಪಂಕ್‌ಗೆ ಮತ್ತೆ ಬಾಗಿಲು ತೆರೆದವರು

ಡಬ್ಲ್ಯೂಡಬ್ಲ್ಯೂಇ ಅನ್ನೋ ಅಮೆರಿಕದ ಕುಸ್ತಿ ಮನರಂಜನೆ ಕಂಪನಿಯ 2023ರ ಸರ್ವೈವರ್ ಸೀರೀಸ್ ಕಾರ್ಯಕ್ರಮದ ಕೊನೆಯ ನಿಮಿಷಗಳನ್ನು ಮತ್ತೆ ನೋಡಿದೆ. ಆಟ ಮುಗಿದಿದೆ, ಇನ್ನೇನು ಪರದೆ ಕಪ್ಪಾಗಬೇಕು, ಆಗ ಕುಸ್ತಿಪಟು ಸಿಎಂ ಪಂಕ್ ಅಖಾಡಕ್ಕೆ ಬರುವಾಗಿನ ಹಾಡು ಶುರು. ಅವನದೇ ಊರು ಶಿಕಾಗೋ, ಜನಕ್ಕೆ ಹುಚ್ಚೇ ಹಿಡಿಯಿತು. ಇತ್ತ ಇನ್ನೊಬ್ಬ ಕುಸ್ತಿಪಟು ಸೆಥ್ ರಾಲಿನ್ಸ್ ಕೆಂಡಾಮಂಡಲ, ಹಿಡಿದು ನಿಲ್ಲಿಸಬೇಕಾಯಿತು.

ಇದೇ ಪಂಕ್ 2014ರಲ್ಲಿ ಡಬ್ಲ್ಯೂಡಬ್ಲ್ಯೂಇ ಬಿಟ್ಟು ಎದ್ದು ಹೋದವನು. ಆಮೇಲೆ ಪಾಡ್‌ಕಾಸ್ಟ್‌ನಲ್ಲಿ ಕಂಪನಿಯ ಮಾನ ಹರಾಜು ಹಾಕಿದ. 2021ರಲ್ಲಿ ಪ್ರತಿಸ್ಪರ್ಧಿ ಕಂಪನಿ ಎಇಡಬ್ಲ್ಯೂ ಕೆಂಪುಹಾಸು ಹಾಸಿ ಕರೆಯಿತು. ಮರುವರ್ಷ ಚಾಂಪಿಯನ್ ಆದ ರಾತ್ರಿಯೇ ಪತ್ರಕರ್ತರ ಮುಂದೆ ಮಫಿನ್ ತಿನ್ನುತ್ತಾ ಸಹೋದ್ಯೋಗಿಗಳಿಗೆ ಮಂಗಳಾರತಿ ಮಾಡಿದ. ಮಾಲೀಕ ಟೋನಿ ಖಾನ್ ಪಕ್ಕದಲ್ಲೇ ಕೂತಿದ್ದರು, ಪಾಪ. ಆಮೇಲೆ ತೆರೆಮರೆಯಲ್ಲಿ ಹೊಡೆದಾಟ. ಅಷ್ಟಾದರೂ 2023ರ ಜೂನ್‌ನಲ್ಲಿ ಮತ್ತೆ ಕರೆಸಿಕೊಂಡರು! ಆಗಸ್ಟ್‌ನಲ್ಲಿ ವೆಂಬ್ಲಿಯಲ್ಲಿ ಇನ್ನೊಂದು ಜಗಳ, ಸೆಪ್ಟೆಂಬರ್‌ನಲ್ಲಿ ಮನೆಗೆ. ಮೂರು ತಿಂಗಳೂ ತುಂಬಿರಲಿಲ್ಲ, ಹಳೇ ಕಂಪನಿ ಬಾಗಿಲು ತೆರೆಯಿತು. ತೆರೆದವರು ಯಾರು? ಒಂದು ಕಾಲಕ್ಕೆ ಅವನಿಗೆ ಆಗದೇ ಇದ್ದ, ಆಗ ಡಬ್ಲ್ಯೂಡಬ್ಲ್ಯೂಇಯ ಕಥೆ-ಪಂದ್ಯಗಳ ಹೊಣೆ ಹೊತ್ತಿದ್ದ ಮಾಜಿ ಕುಸ್ತಿಪಟು ಟ್ರಿಪಲ್ ಎಚ್!

ದಡ್ಡತನ ಅಂತೂ ಅಲ್ಲ. ಟಿಕೆಟ್, ಟಿ-ಶರ್ಟ್ ಮಾರುವ ಹೆಸರು ಎಷ್ಟು ಜನಕ್ಕಿದೆ ಹೇಳಿ? ಜೊತೆಗೆ ಈ ವ್ಯಾಪಾರದಲ್ಲಿ ನಿಜವಾದ ಹಗೆಯೂ ಕಥೆಯಾಗುತ್ತದೆ. ಸೆಥ್ ಸಿಟ್ಟು 2025ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಮೊದಲ 'ರಾ' (ಡಬ್ಲ್ಯೂಡಬ್ಲ್ಯೂಇಯ ವಾರದ ಕಾರ್ಯಕ್ರಮ) ಮುಖ್ಯ ಪಂದ್ಯವಾಯಿತು. ಆದರೆ ಯಾವ ರಗಳೆಯೂ ಇಲ್ಲದೆ ವರ್ಷಾನುಗಟ್ಟಲೆ ದುಡಿಯುವ ಹುಡುಗರಿಗೆ ಏನನ್ನಿಸುತ್ತೋ.

ಹಗೆ ಮರೆತು ಕರೆಸಿಕೊಳ್ಳುವುದು ಈ ಕಂಪನಿಗೆ ಹೊಸದಲ್ಲ. ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಆಡುತ್ತಿದ್ದ ನಮ್ಮ ಕಾಲದ ಅಲ್ಟಿಮೇಟ್ ವಾರಿಯರ್ ನೆನಪಿದೆಯಲ್ವಾ? 2005ರಲ್ಲಿ ಅವನನ್ನು ಆಡಿಕೊಳ್ಳಲೆಂದೇ ಡಿವಿಡಿ ತಂದರು. 2014ರಲ್ಲಿ ಅದೇ ಕಂಪನಿಯವರೇ ಅವನನ್ನು ಹಾಲ್ ಆಫ್ ಫೇಮ್‌ ಅನ್ನೋ ತಮ್ಮ ಗೌರವ ಪಟ್ಟಿಗೆ ಸೇರಿಸಿದರು.